ಮಾವನ ಹೆಬ್ಬೆರಳು

ಮಾವನ ಬಲಗೈ ಹೆಬ್ಬೆರಳು ಮಡಚುತ್ತಿರಲಿಲ್ಲ; ಲೋಟ ಹಿಡಿದಾಗಲೂ ಅದೊಂದು ಮೊಳೆ ಹೊಡೆದಂತೆ ನೆಟ್ಟಗೆ ನಿಂತಿರುತ್ತಿತ್ತು. ಅದನ್ನು ಹಾಗೆ ಮಾಡಿದ ಎರಡು ನಿಮಿಷ ನನಗೆ ಸರಿಯಾಗಿ ನೆನಪಿಲ್ಲ. ನೆನಪಿದೆ ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದೆ, ಅದು ಬೇರೆ ಮಾತು.

ತಮಿಳು ಸೀಮೆಯ ನಮ್ಮೂರು ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ತೋಟಗಳಲ್ಲಿ ಕವಾತಿಗೆ, ಅಂದರೆ ಬಳ್ಳಿ ಸವರುವುದಕ್ಕೆ, ಮೊದಲು ಕರೆಯುತ್ತಿದ್ದುದು ನನ್ನ ತಾಯಿಯ ತಮ್ಮನಾದ ಈ ಮಾವನನ್ನು. ಕತ್ತರಿ ಹಾಕುವ ಮೊದಲು ಪ್ರತಿ ಕಡ್ಡಿಯ ಚಿಗುರೊಡೆಯುವ ಕಣ್ಣುಗಳನ್ನೂ ಬೆರಳಿಂದ ಮುಟ್ಟಿ ನೋಡುವನು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದ ನನ್ನನ್ನು ಕಂಡರೆ ನಗು. "ಬುಕ್ಕು ಮುಚ್ಚಿಡು ಮಾಪ್ಳೆ. ಕಣ್ಣ್ ನೋಡಿ ಕತ್ತರ್ಸು. ಬಳ್ಳಿ ಎರಡ್ನೇ ಸಾರಿ ಪರೀಕ್ಷೆ ಇಡಲ್ಲ."

ನಲವತ್ತೈದು ವರ್ಷ ಒಮ್ಮೆಯೂ ಇಲ್ಲದ ಮೂರ್ಛೆ, ಇಬ್ಬರೂ ನಮ್ಮ ನಮ್ಮ ಕತ್ತರಿ ಹಿಡಿದು ಸವರುತ್ತಿದ್ದಾಗ, ದ್ರಾಕ್ಷಿ ಚಪ್ಪರದ ಕೆಳಗೇ ಮಾವನಿಗೆ ಬಂತು. ಬಿದ್ದವನ ಕೈಕಾಲು ಸೆಟೆದು ಅದುರತೊಡಗಿದವು.

"ವಲಿಪ್ಪು ಡಾ! ಕಬ್ಣ ಕೊಡ್ರಾ, ಸೀಕ್ರಂ!" ಪಕ್ಕದ ಸಾಲಿನವನು ಕೂಗಿದ.

ಮೂರ್ಛೆಗೆ ಕಬ್ಬಿಣ ಹಿಡಿಸುವ ಮೂಢತನಕ್ಕೆ ನಮ್ಮೂರಲ್ಲಿ ಇಂದಿಗೂ ಬರವಿಲ್ಲ. ದ್ರಾಕ್ಷಿ ತೋಟದಲ್ಲಿ ಕಬ್ಬಿಣವೆಂದರೆ ಕತ್ತರಿ. ನನ್ನ ನೆನಪಿನಂತೆ, ಅವನು ಮಾವನ ಕತ್ತರಿಯನ್ನೇ ಎತ್ತಿ ಅಂಗೈಗೆ ತುರುಕಿದ. ನಾನು ಬೇಡ ಎಂದೆ. ಮುಷ್ಟಿ ಅಲಗಿನ ಮೇಲೆಯೇ ಬಿಗಿಯಿತು. ಅದುರಾಟ ತಾನಾಗಿ ನಿಂತಾಗ, "ನೋಡ್ದ್ಯಾ, ಕಬ್ಣ ನಿಲ್ಸ್ತು!" ಎಂದನೊಬ್ಬ. "ಕುಡ್ದಿರ್ಬೇಕು," ಇನ್ನೊಬ್ಬ. ಜನ್ಮದಲ್ಲಿ ಕುಡಿಯದವನ ಕೈಯಿಂದ ರಕ್ತ ಸುರಿಯುತ್ತಿತ್ತು.

ತೇನಿಯಲ್ಲಿ ಸ್ಕ್ಯಾನ್ ಮಾಡಿದರು. ಮೆದುಳಿನಲ್ಲಿ ಲಾಡಿಹುಳುವಿನ ಮರಿಯ ಗುಳ್ಳೆ. ಯಾರದೋ ತೊಳೆಯದ ಕೈಯಿಂದಲೋ ಸೊಪ್ಪಿನಿಂದಲೋ ಹುಳುವಿನ ಮೊಟ್ಟೆ ಹೊಟ್ಟೆ ಸೇರಿರಬಹುದಂತೆ. ಹುಳುವಿಗೂ ಮೆದುಳಿನ ಊತಕ್ಕೂ ಕೆಲವು ವಾರ, ಮೂರ್ಛೆಗೆ ಎರಡು ವರ್ಷ ಮಾತ್ರೆ. ಮೂರ್ಛೆ ಮತ್ತೆ ಬರಲೇ ಇಲ್ಲ. ಹೆಬ್ಬೆರಳಿನ ಕಡಿದ ಸ್ನಾಯು ಮಾತ್ರ ಹೊಲಿದರೂ ಕೂಡಲಿಲ್ಲ.

"ಸುತ್ತ ಇದ್ದ ಚೂಪು ವಸ್ತು ಸರಿಸಿ, ಪಕ್ಕಕ್ಕೆ ಹೊರಳಿಸಿದ್ದರೆ ಸಾಕಿತ್ತು. ಕತ್ತರಿ ಕೊಟ್ಟವರು ಯಾರು?" ಡಾಕ್ಟರಮ್ಮ ತಮಿಳಿನಲ್ಲಿ ಗದರಿದರು. ನಾನು ಜೊತೆಗೆ ಬಂದಿದ್ದ ಪಕ್ಕದ ಸಾಲಿನವನತ್ತ ನೋಡಿದೆ. ಆಮೇಲೆ ಸಿಕ್ಕಸಿಕ್ಕವರ ಮುಂದೆಲ್ಲ ಅವನಿಗೆ ಉಗಿದೆ.

ಮಾವ ಮತ್ತೆ ಕವಾತಿಗೆ ಹೋಗಲಿಲ್ಲ. ಹಣ್ಣಿನ ಪೆಟ್ಟಿಗೆಗಳಿಗೆ ಕಾಗದ ಹಾಸುತ್ತಿದ್ದ. ನಾನು ಕೆರಳಿದಾಗಲೆಲ್ಲ, "ವಿಡು ಮಾಪ್ಳೆ, ಆಗಿದ್ದಾಯ್ತು," ಎನ್ನುತ್ತಿದ್ದ.

ಹೋದ ವರ್ಷ ಎದೆನೋವಿನಿಂದ ತೀರಿಕೊಂಡ. ಅಂದು ಆ ಕೈಯಿಂದ ಬಿಡಿಸಿದ್ದ ಕತ್ತರಿಯನ್ನು ಅತ್ತೆ ಟ್ರಂಕಿನ ತಳದಿಂದ ತೆಗೆದುಕೊಟ್ಟಳು. "'ನಾ ಇರೋಗಂಟ ಮಾಪ್ಳೆ ಕಣ್ಗೆ ಬೀಳ್ಬಾರ್ದು' ಅಂದಿದ್ರು ನಿಮ್ಮಾವ."

ಹಿಡಿಗೆ ನೀಲಿ ಟೇಪು ಸುತ್ತಿತ್ತು. ಬಿಚ್ಚಿ ನೋಡಿದೆ. ಒಳಗೆ, ನಾನು ಮೊಳೆಯಿಂದ ಗೀಚಿಕೊಂಡಿದ್ದ ನನ್ನ ಇನಿಷಿಯಲ್ ಇತ್ತು.