ಅಮ್ಮ ನಡೆದ ಹನ್ನೊಂದು ಸೆಕೆಂಡು

ನಮ್ಮ ಸೋದರಮಾವನಿಗೆ ಕೆಲಸದ ಜಾಗದಲ್ಲಿ ಬಿದ್ದಿದ್ದ ಹೆಸರು ಮೂಗುರಾಯ. ಅಪರೂಪದ ಪುಸ್ತಕ, ಹಳೆಯ ಸಿನಿಮಾಗಳನ್ನು ಕಾಪಾಡುವ ಸಂಗ್ರಹಾಲಯದಲ್ಲಿ ಮೂವತ್ತೆರಡು ವರ್ಷ ಫಿಲ್ಮ್ ಕೋಣೆ ಅವರದೇ. ಫಿಲ್ಮ್ ಕೆಡಲು ಶುರುವಾದರೆ ವಿನೆಗರ್ ವಾಸನೆ ಬರುತ್ತದೆ. ಅಂಥ ರೀಲನ್ನು ಕೂಡಲೇ ಬೇರೆ ಇಡದಿದ್ದರೆ ಪಕ್ಕದವೂ ಕೆಡುತ್ತವೆ. ಪ್ರತಿ ತಿಂಗಳೂ ಮಾವ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಮೂಸುತ್ತಿದ್ದರು. ಕೆಟ್ಟಿದ್ದರೆ ಬಣ್ಣ ಬದಲಿಸಿ ತೋರಿಸುವ ಕಾಗದದ ಪಟ್ಟಿಗಳನ್ನು ಮೇಲಿನವರು ತರಿಸಿಕೊಟ್ಟಾಗ, "ಮೂಗು ಇರೋವಾಗ ಕಾಗದ ಯಾಕ್ರೀ?" ಎಂದು ಕಟ್ಟು ಬಿಚ್ಚದೆ ಡ್ರಾಯರಿಗೆ ತಳ್ಳಿದ್ದರು.

ನಾನು ಕೆಳಗಿನ ಮಹಡಿಯಲ್ಲಿ ಹರಿದ ಪುಟಗಳಿಗೆ ತೆಳು ಕಾಗದ ಅಂಟಿಸುವವಳು. ಆ ಕೆಲಸಕ್ಕೆ ತಾಳ್ಮೆ ಬೇಕು. ನನಗೋ ಕೋಪ ಮೂಗಿನ ತುದಿಯಲ್ಲೇ. ಆದರೂ ಒಂದು ವಿಷಯಕ್ಕೆ ಮಾತ್ರ ವರ್ಷಗಟ್ಟಲೆ ಕಾದೆ. ನಾನು ಕೈಗೂಸಾಗಿದ್ದಾಗಲೇ ತೀರಿಕೊಂಡ ಅಮ್ಮ, ಮದುವೆಗೆ ಮುಂಚೆ ಒಂದು ಸಿನಿಮಾದಲ್ಲಿ ಹನ್ನೊಂದು ಸೆಕೆಂಡು ಕಾಣಿಸಿಕೊಂಡಿದ್ದಳು. ಅದರ ಉಳಿದಿದ್ದ ಒಂದೇ ಪ್ರತಿ ಮಾವನ ಕೋಣೆಯಲ್ಲಿತ್ತು. ಅಮ್ಮ ನಡೆಯುವುದನ್ನು ಒಮ್ಮೆ ನೋಡಬೇಕು, ಅಷ್ಟೇ ನನ್ನ ಆಸೆ.

"ಒಂದೇ ಪ್ರತಿ ಪುಟ್ಟಿ, ಓಡಿಸಿದ್ರೆ ಗೀರು ಬೀಳತ್ತೆ. ನಕಲು ಮಾಡೋ ಸರದಿ ಬರ್ಲಿ, ಮೊದಲು ನಿನಗೇ ತೋರಿಸ್ತೀನಿ," ಎನ್ನುತ್ತಿದ್ದರು. ಹೊರಗಿನವರಂತೆ ನನ್ನನ್ನೂ ಆ ಕೋಣೆಯೊಳಗೆ ಬಿಡುತ್ತಿರಲಿಲ್ಲ. ರೀಲು ಬಂದ ದಿನ ತಪಾಸಣೆಗೆಂದು ಓಡಿಸಿ ನೋಡಿದ್ದು ಅವರೊಬ್ಬರೇ.

ಕೊನೆಗೂ ಸರದಿ ಬಂತು. ಬೆಳಗ್ಗೆಯೇ ಮೆಟ್ಟಿಲು ಹತ್ತಿದೆ. ಬಾಗಿಲು ತೆಗೆದದ್ದೇ ತಡ, ವಿನೆಗರ್ ವಾಸನೆ ಗಪ್ಪನೆ ಬಡಿಯಿತು. ಮಾವ ಆರಾಮಾಗಿ ಡಬ್ಬಿಗಳ ಧೂಳು ಒರೆಸುತ್ತಿದ್ದರು.

"ಮಾವ, ವಾಸನೆ ಬರ್ತಿಲ್ವಾ ನಿಮಗೆ?"

ಒರೆಸುತ್ತಿದ್ದ ಕೈ ನಿಂತಿತು. "ಎಲ್ಲಿಂದ?" ಎಂದರು.

ಅಮ್ಮನ ರೀಲಿನ ಮುಚ್ಚಳ ತೆಗೆದೆವು. ಫಿಲ್ಮ್ ಸುರುಟಿ, ಸುತ್ತುಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿತ್ತು. ಬಿಡಿಸಲು ಹೋದರೆ ಪುಡಿ ಉದುರಿತು.

"ಎರಡು ವರ್ಷ ಆಯ್ತು," ಎಂದರು ಮಾವ. "ಆ ಜ್ವರ ಬಂದಿತ್ತಲ್ಲ, ಆಮೇಲೆ ಯಾವ ವಾಸನೆನೂ ಗೊತ್ತಾಗ್ತಿಲ್ಲ. ಹೇಳಿದ್ರೆ ಈ ಕೋಣೆ ಬಿಡಿಸ್ಬಿಡ್ತಾರೆ ಅಂತ ಹೆದರಿಕೆ. ಮುಚ್ಚಳನೂ ತೆಗೀದೆ ಸುಮ್ನೆ ಮೂಸೋ ಹಾಗೆ ಮಾಡ್ತಿದ್ದೆ."

ಬಾಯಿಗೆ ಬಂದಂತೆ ಬೈದೆ. ಪಟ್ಟಿಗಳ ಕಟ್ಟನ್ನು ಡ್ರಾಯರಿನಿಂದ ತೆಗೆದು ಅವರ ಕಾಲ ಬುಡಕ್ಕೆ ಎಸೆದೆ. ತಾಯಿಯಿಲ್ಲದ ನನ್ನನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ ಮನುಷ್ಯ ಎಂಬುದನ್ನೂ ನೋಡಲಿಲ್ಲ. "ಅಮ್ಮನ್ನ ನೀವೇ ಕೊಂದ್ರಿ," ಎಂದುಬಿಟ್ಟೆ. ಅವರು ರಿಜಿಸ್ಟರು ತೆಗೆದು, ಆ ರೀಲಿನ ಹೆಸರಿನೆದುರು 'ನಾಶವಾಗಿದೆ. ತಪ್ಪು ನನ್ನದು' ಎಂದು ಬರೆದು ಸಹಿ ಹಾಕಿದರು.

ನಾನು ಸ್ಟೂಲಿನ ಮೇಲೆ ಕುಸಿದು ಬಿಕ್ಕಿಬಿಕ್ಕಿ ಅತ್ತೆ. ಸ್ವಲ್ಪ ಹೊತ್ತಿನ ಮೇಲೆ ಮಾವ ಕಪಾಟುಗಳ ನಡುವಿನ ದಾರಿಯ ಆ ಕೊನೆಗೆ ಹೋಗಿ ನಿಂತರು.

"ಇಲ್ಲಿ ನೋಡು ಪುಟ್ಟಿ. ಅಕ್ಕನ ಸೊಂಟದ ಮೇಲೆ ಒಂದು ಬುಟ್ಟಿ ಇರತ್ತೆ. ಹೀಗೆ ಬರ್ತಾಳೆ."

ಬೋಳುತಲೆಯ, ಮಂಡಿನೋವಿನ ಆ ಮನುಷ್ಯ ಖಾಲಿ ಡಬ್ಬಿಯೊಂದನ್ನು ಸೊಂಟಕ್ಕೆ ಆನಿಸಿಕೊಂಡು, ಇಲ್ಲದ ಜಡೆಯನ್ನು ಬೆನ್ನಿಗೆ ಎಸೆದು, ಬಿರಬಿರನೆ ನಡೆದು ಬಂದರು. ಅರ್ಧದಲ್ಲಿ ನಿಂತು, ಹಿಂತಿರುಗಿ ಯಾರನ್ನೋ ನೋಡಿ ನಕ್ಕರು. ಮತ್ತೆ ನಡೆದರು. ಎಡಪಾದ ಸ್ವಲ್ಪ ಹೊರಕ್ಕೆ ತಿರುಗುತ್ತಿತ್ತು. ಮಾವ ಎಂದೂ ಹಾಗೆ ನಡೆಯುವವರಲ್ಲ. ಹಾಗೆ ನಡೆಯುವವಳು ನಾನು.

"ಇನ್ನೊಂದ್ಸಲ, ಮಾವ," ಎಂದೆ.

ಅವರು ಮತ್ತೆ ಆ ಕೊನೆಗೆ ಹೋಗಿ ನಿಂತರು.