ಹೆಣ್ಣು ಡಾಕ್ಟರನ್ನು ತಂದ ನಾಲ್ವರು

ನಾನು ವಕೀಲ. ಕೋರ್ಟಿನೊಳಗೆ ಗೆದ್ದದ್ದಕ್ಕಿಂತ ಕೋರ್ಟಿನೆದುರಿನ ಕಾಫಿ ಹೋಟೆಲಿನಲ್ಲಿ ಗೆದ್ದದ್ದೇ ಹೆಚ್ಚು ಎಂದು ನನ್ನಾಕೆ ಹೇಳುತ್ತಾಳೆ. ಅದನ್ನು ನಾನು ಇದುವರೆಗೆ ಅಲ್ಲಗಳೆಯಲು ಹೋಗಿಲ್ಲ. ಹೀಗೆ ಕೈ ಖಾಲಿ, ಬಾಯಿ ತುಂಬ ಮಾತು ಇಟ್ಟುಕೊಂಡು ಕುಳಿತವನಿಗೆ ಮೈಸೂರಿನ ವಿದ್ವಾಂಸರೊಬ್ಬರು ಕೆಲಸ ಹಚ್ಚಿದರು. ಅವರು ಒಂದು ಚರಿತ್ರಕೋಶ ಕಟ್ಟುತ್ತಿದ್ದರು. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸೇರುವ ಸಭೆಗೆ ಪ್ರತಿನಿಧಿಗಳಾಗಿ ಹೋದವರೆಲ್ಲರ ಹುಟ್ಟು, ಮನೆತನ, ಮಾಡಿದ ಕೆಲಸ ಒಂದೇ ಕಡೆ ಸಿಗಬೇಕು ಎಂಬುದು ಅವರ ಆಸೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳು ನನ್ನ ಪಾಲಿಗೆ ಬಂದವು. ನಾನು ಹಿಗ್ಗಿ ಹೀರೇಕಾಯಿಯಾದೆ.

ಹಿಗ್ಗು ಮೊದಲ ವಾರಕ್ಕೇ ಇಳಿಯಿತು. ನಮ್ಮ ಸೀಮೆಯ ಜನ ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುವವರಲ್ಲ. “ನಿಮ್ಮ ತಂದೆಯವರು ಹುಟ್ಟಿದ್ದು ಯಾವಾಗ?” ಎಂದರೆ “ಯಾಕ್ರೀ, ಕಂದಾಯ ಹಾಕ್ತೀರೇನು?” ಎನ್ನುತ್ತಾರೆ. ಬಲವಂತ ಮಾಡಿದರೆ, ದೊಡ್ಡ ಬರ ಮುಗಿದ ಮಾರನೇ ವರ್ಷ, ಮನೆಯ ಕೆಂದ ಹಸು ಈದ ವಾರ, ಎನ್ನುತ್ತಾರೆ. ಆ ಹಸುವಿನ ಚರಿತ್ರೆ ಯಾವ ಕೋಶದಲ್ಲಿದೆಯೋ ಶಿವನೇ ಬಲ್ಲ.

ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಕೇಳಬಾರದು, ತಪ್ಪು ಹೇಳಬೇಕು. ಜಗುಲಿಯ ಮೇಲೆ ಆರಾಮಾಗಿ ಕುಳಿತು, ಎಲೆಗೆ ಸುಣ್ಣ ಸವರುತ್ತ, “ಇವರ ತಂದೆಯವರು ತುರುವನೂರಿನ ಕಡೆಯಿಂದ ಬಂದವರಲ್ಲವೇ?” ಎಂದು ಗಾಳಿಗೆ ಒಂದು ಸುಳ್ಳು ಬಿಡಬೇಕು. ತೆಗೆದುಕೊಳ್ಳಿ! ಎದುರು ಮನೆಯ ಮುದುಕ ಕೋಲೂರಿಕೊಂಡು ಬರುತ್ತಾನೆ, ಕುಂಟೆ ಹೊತ್ತು ಹೊರಟವನು ಕುಂಟೆ ಇಳಿಸುತ್ತಾನೆ. “ಯಾರ್ರೀ ನಿಮಗೆ ಹೇಳಿದ್ದು? ಹಿರೇಗುಂಟನೂರೋರು ಅವರು!” ಎಂದು ಶುರುವಾದರೆ ಮೂರು ತಲೆಮಾರು ಮುಗಿಯುವವರೆಗೆ ನಿಲ್ಲುವುದಿಲ್ಲ. ಸುಮ್ಮನೆ ಇರಬಲ್ಲರು, ಆದರೆ ತಪ್ಪನ್ನು ಕೇಳಿಕೊಂಡು ಸುಮ್ಮನಿರಲಾರರು. ಈ ವಿದ್ಯೆ ನನಗೆ ಕೋರ್ಟಿನಲ್ಲಿ ಮೊದಲೇ ತಿಳಿದಿದ್ದರೆ ಇಷ್ಟು ಹೊತ್ತಿಗೆ ಮಹಡಿ ಮನೆ ಕಟ್ಟಿಸಿರುತ್ತಿದ್ದೆ.

ಹೀಗೆ ಕೂಡಿಸಿದ್ದನ್ನೆಲ್ಲ ಮೈಸೂರಿಗೆ ಕಳಿಸಿ ಮೀಸೆ ತಿರುವಿಕೊಂಡಿದ್ದೆ. ಅಲ್ಲಿಂದ ಕೆಂಡದಂಥ ಕಾಗದ ಬಂತು. ದುರ್ಗದ ಆಸ್ಪತ್ರೆಗೆ ಮೊಟ್ಟಮೊದಲ ಹೆಣ್ಣು ಡಾಕ್ಟರನ್ನು ತರಿಸಿದವರು ಯಾರು? ನಾನು ಬರೆದಂತೆ, ದುರ್ಗದ ಜವಳಿ ವ್ಯಾಪಾರಿ ಕರೀಂ ಸಾಹೇಬರು. ನಾನೇ ಬರೆದಂತೆ, ಹಿರಿಯೂರಿನ ತಿಪ್ಪಯ್ಯನವರು. ಹೊಸದುರ್ಗದ ಓಬಳಪ್ಪನವರೂ ಹೌದು, ಹೊಳಲ್ಕೆರೆಯ ರುದ್ರಪ್ಪಗೌಡರೂ ಹೌದು! ನಾಲ್ಕು ತಾಲ್ಲೂಕಿನ ಜನ ಹೇಳಿದ್ದನ್ನು ಹೇಳಿದಂತೆ ಬರೆದಿದ್ದೆ, ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಸಭೆಯ ವರದಿಯಲ್ಲಿ ಬೇಡಿಕೆ ಇದೆ, ಬೇಡಿದವರ ಹೆಸರಿಲ್ಲ. “ಮೂವರಾದರೂ ಸುಳ್ಳರು. ಯಾರೆಂದು ತಿಳಿಸಿ. ಆಗದಿದ್ದರೆ ನಾಲ್ವರನ್ನೂ ಬಿಡುತ್ತೇವೆ” ಎಂದು ಕೋಶದ ಸಂಪಾದಕರಾದ ಆ ವಿದ್ವಾಂಸರು ಬರೆದಿದ್ದರು.

ಇದರಲ್ಲಿ ಹೊಸದೇನಿದೆ ಎಂದು ನಾನು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಹಳೆಯ ಶಾಸನಗಳನ್ನು ಓದಿದರೆ ಒಂದೇ ಕೋಟೆಯನ್ನು ಅದೇ ಕಾಲಕ್ಕೆ ಇಬ್ಬರು ರಾಜರು ಗೆದ್ದಿರುತ್ತಾರೆ, ಸೋತವನು ಮಾತ್ರ ಯಾರಿಗೂ ಸಿಗುವುದಿಲ್ಲ. ಕಲ್ಲಿನ ಮೇಲೆ ನಡೆಯುವುದು ಕಾಗದದ ಮೇಲೆ ಯಾಕೆ ನಡೆಯಬಾರದು? ಆದರೆ ಸಮಾಧಾನವಾಗಲಿಲ್ಲ. ಆ ನಾಲ್ವರ ಹೆಸರು ಈ ಪುಸ್ತಕದಲ್ಲಿ ಉಳಿಯದಿದ್ದರೆ ಇನ್ನೆಲ್ಲಿ ಉಳಿದೀತು?

ಮೂವರು ತೀರಿಹೋಗಿದ್ದರು. ಬದುಕಿದ್ದವರು ರುದ್ರಪ್ಪಗೌಡರೊಬ್ಬರೇ. ಹೊಳಲ್ಕೆರೆಗೆ ಹೋದೆ. ಗೌಡರು ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದರು. “ಬರ್ರಿ ವಕೀಲ್ರೇ, ಕುಂತ್ಕಳ್ರಿ” ಎಂದರು. ನಾನು ನನ್ನ ವಿದ್ಯೆ ತೆಗೆದೆ. “ಹೆಣ್ಣು ಡಾಕ್ಟರನ್ನು ತರಿಸಿದ್ದು ಹಿರಿಯೂರಿನ ತಿಪ್ಪಯ್ಯನವರಂತೆ?” ಎಂದೆ. ಗೌಡರು ಎಲೆ ಮಡಿಸುತ್ತ “ಹೌದ್ರಿ, ಹಂಗೇ ಬರ್ಕಳ್ರಿ” ಎಂದುಬಿಟ್ಟರು. ನನ್ನ ಜೀವಮಾನದಲ್ಲಿ ನಮ್ಮ ಕಡೆಯವರೊಬ್ಬರು ತಪ್ಪನ್ನು ಒಪ್ಪಿಕೊಂಡು ಎಲೆ ಜಗಿದದ್ದನ್ನು ನಾನು ಕಂಡಿರಲಿಲ್ಲ. ಓಬಳಪ್ಪನವರಂತೆ ಎಂದೆ. “ಅವರೂ ದೊಡ್ಡೋರೇ” ಎಂದರು. ನನಗೆ ರೇಗಿತು. “ಸರಿ ಬಿಡಿ. ತಿಪ್ಪಯ್ಯನವರದೊಂದು ಇಟ್ಟುಕೊಂಡು, ಮಿಕ್ಕವರು ಸುಳ್ಳರು ಅಂತ ಮೈಸೂರಿಗೆ ಬರೆದುಹಾಕುತ್ತೇನೆ” ಎಂದು ಏಳಹೋದೆ.

“ಏನಂದ್ರಿ?” ಗೌಡರು ಕಂಬ ಬಿಟ್ಟು ನೆಟ್ಟಗೆ ಕೂತರು. “ಸಾಹೇಬ್ರು ಸುಳ್ಳರಾ? ಓಬಳಪ್ಪ ಸುಳ್ಳನಾ? ನಾಲಿಗಿ ಬಿಗಿ ಹಿಡಿದು ಮಾತಾಡ್ರಿ! ನಾಲ್ಕೂ ಮಂದಿ ಕೇಳೀವಿ. ನಾಲ್ಕೂ ಮಂದಿ ತಂದೀವಿ!”

ಆಮೇಲೆ ಅವರು ದನಿ ಇಳಿಸಿ ಹೇಳಿದರು. ಅವರ ಮಗಳಿಗೆ ಹೆರಿಗೆ ಕಷ್ಟವಾಗಿ ಗಾಡಿ ಕಟ್ಟಿಸಿ ದುರ್ಗದ ಆಸ್ಪತ್ರೆಗೆ ಕರೆತಂದಿದ್ದರು. ಡಾಕ್ಟರು ಬಂದ. ಆದರೆ ಗಂಡಸು. “ಒಳಗ ಬಿಡಬ್ಯಾಡ್ರಿ ಅಂದವ ನಾನೇ ವಕೀಲ್ರೇ. ಅವ ಬಾಗಿಲಾಚೆ ನಿಂತು ಔಷಧಿ ಹೇಳಿದ. ಒಳಗ ಕೂಸೂ ಹೋತು, ಮಗಳೂ ಹೋದ್ಲು.” ಆ ವರ್ಷ ದಸರೆಗೆ ಮೈಸೂರಿಗೆ ಹೋದಾಗ ನಮ್ಮ ಕಡೆಯ ನಾಲ್ವರದೂ ಒಂದೇ ಬಿಡಾರ. ಒಬ್ಬೊಬ್ಬರೂ ಒಂದೊಂದು ಬೇಡಿಕೆ ಹೊತ್ತು ಬಂದಿದ್ದರು: ದುರ್ಗಕ್ಕೆ ಸಂತೆಯ ಚಪ್ಪರ, ಹಿರಿಯೂರಿಗೆ ಸೇತುವೆ, ಹೊಸದುರ್ಗಕ್ಕೆ ಶಾಲೆ, ಹೊಳಲ್ಕೆರೆಗೆ ಕೆರೆಯ ತೂಬು. ಸಭೆಯ ಹಿಂದಿನ ದಿನ ಊಟವಾದ ಮೇಲೆ ಗೌಡರು ಮೂವರ ಮುಂದೆ ಕೂತು ಅತ್ತರಂತೆ. ಮೊದಲು ಸಾಹೇಬರು, “ನನ್ನ ಚಪ್ಪರ ಹೋಗ್ಲಿ” ಎಂದರು. ಮಿಕ್ಕ ಇಬ್ಬರೂ ಒಪ್ಪಿದರು. ಮಾರನೆಯ ದಿನ ಒಬ್ಬರಾದ ಮೇಲೆ ಒಬ್ಬರೆದ್ದು ನಾಲ್ವರೂ ಕೇಳಿದ್ದು ಒಂದೇ: ಹೆಣ್ಣು ಡಾಕ್ಟರು.

ಊರಿಗೆ ಮರಳಿ, ನಿಮ್ಮ ಸೇತುವೆ ಬಿಟ್ಟುಕೊಟ್ಟೆ, ನಿಮ್ಮ ಶಾಲೆ ಬಿಟ್ಟುಕೊಟ್ಟೆ ಎಂದರೆ ಜನ ಸುಮ್ಮನಿರುತ್ತಾರೆಯೇ? ಅದಕ್ಕೇ ಒಪ್ಪಂದ ಮಾಡಿಕೊಂಡರು: ಒಬ್ಬೊಬ್ಬರೂ ತಮ್ಮ ಊರಲ್ಲಿ “ಡಾಕ್ಟರನ್ನು ಕೇಳಿದವ ನಾನು” ಎನ್ನುವುದು, ಮಿಕ್ಕದ್ದನ್ನು ಬಾಯಿ ಬಿಡದಿರುವುದು. ಗೌಡರು ಇಪ್ಪತ್ತು ವರ್ಷ ಆ ಮಾತು ಉಳಿಸಿಕೊಂಡಿದ್ದರು. ಕೆರೆಯ ತೂಬಿನ ಸುದ್ದಿ ಎತ್ತಿದವರ ಮುಂದೆ ಇಪ್ಪತ್ತು ವರ್ಷ ತಲೆ ತಗ್ಗಿಸಿದ್ದರು. “ಇನ್ನ ಬರ್ಕಳ್ರಿ, ಆ ಮೂವರು ಸುಳ್ಳರು ಅನ್ನಿಸ್ಕಬಾರ್ದು” ಎಂದರು. ನನ್ನ ಕಣ್ಣು ಒದ್ದೆಯಾಯಿತು, ನಾಚಿಕೆಯೇನು.

ದುರ್ಗಕ್ಕೆ ಬಂದವನೇ ಸಂಪಾದಕರಿಗೆ ಬರೆದೆ. ಮುದುಕರೊಬ್ಬರ ಮಾತು ಸಾಕ್ಷಿಯಾಗದು ಎಂದು ಉತ್ತರ ಬಂತು. ಆಗ ನೋಡಿ, ನನ್ನೊಳಗಿನ ವಕೀಲ ಎದ್ದು ಕೂತ. ಸ್ವಾಮಿ, ನೀವು ನಂಬುವ ಸಭೆಯ ವರದಿಯಲ್ಲೇ ನೋಡಿ, ಎಂದು ಬರೆದೆ. ಡಾಕ್ಟರನ್ನು ಕೇಳಿದ್ದಕ್ಕೆ ಹಿಂದಿನ ವರ್ಷ ಹೊಸದುರ್ಗದ ಶಾಲೆಯ ಬೇಡಿಕೆ ಇದೆ, ಮುಂದಿನ ವರ್ಷವೂ ಇದೆ. ಹಿರಿಯೂರಿನ ಸೇತುವೆಯೂ ಹಾಗೇ, ತೂಬೂ ಹಾಗೇ, ಚಪ್ಪರವೂ ಹಾಗೇ. ನಡುವಿನ ಆ ಒಂದು ವರ್ಷ ನಾಲ್ಕೂ ಬೇಡಿಕೆ ಎಲ್ಲಿ ಹೋದವು? ನಾಲ್ಕು ತಾಲ್ಲೂಕಿಗೂ ಒಟ್ಟಿಗೇ ಬಾಯಿ ಕಟ್ಟಿತ್ತೇ? ಈ ಸಲ ಬಂದ ಉತ್ತರ ಒಂದೇ ಸಾಲಿನದು: “ಗೆದ್ದಿರಿ. ಮುದ್ರಣಕ್ಕೆ ಕಳಿಸಿದ್ದೇನೆ.” ಆ ಕಾಗದವನ್ನು ನನ್ನಾಕೆಗೆ ಓದಿ ಹೇಳಿ, ಅವಳು ಒಲೆಯ ಮುಂದಿನಿಂದ ಎದ್ದುಬರಲಿಲ್ಲವೆಂದು ಇನ್ನೊಮ್ಮೆ ಗಟ್ಟಿಯಾಗಿ ಓದಿದೆ.

ಪುಸ್ತಕ ಬಂದ ದಿನವೇ ಹೊಳಲ್ಕೆರೆಗೆ ಒಯ್ದೆ. “ಮೊದ್ಲು ಅವರ ಮೂವರದು ಓದ್ರಿ” ಎಂದರು ಗೌಡರು. ಓದಿದೆ. ಮೂರರಲ್ಲೂ ಒಂದೇ ವಾಕ್ಯ: ತಮ್ಮ ತಾಲ್ಲೂಕಿನ ಬೇಡಿಕೆಯನ್ನು ಬಿಟ್ಟು, ಮಿಕ್ಕ ಮೂವರೊಡನೆ ಸೇರಿ, ದುರ್ಗಕ್ಕೆ ಮೊದಲ ಹೆಣ್ಣು ಡಾಕ್ಟರನ್ನು ತರಿಸಿದರು. ತಮ್ಮದನ್ನು ಓದಿಸಲೇ ಇಲ್ಲ. ಎದ್ದು ಜಗುಲಿಯ ಅಂಚಿಗೆ ಬಂದು, ಬೀದಿಗೆಲ್ಲ ಕೇಳುವಂತೆ ಕೂಗಿದರು: “ಕೇಳ್ರಪ್ಪೋ! ಅವತ್ತು ನಮ್ಮ ಕೆರೆ ತೂಬು ಬಿಟ್ಟುಕೊಟ್ಟವ ನಾನೇ! ಏನು ಬೈತೀರೋ ಬೈರಿ!”

ಬೀದಿ ಗಕ್ಕನೆ ನಿಂತಿತು. ಎದುರು ಮನೆಯ ಹೊಸಿಲಲ್ಲಿ ಕೂಸನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದ ಹೆಣ್ಣುಮಗಳೊಬ್ಬಳು ನಕ್ಕಳು. “ತೂಬು ಹೋದ್ರೆ ಹೋಗ್ಲಿ ಬಿಡ್ರಿ ಗೌಡ್ರೇ. ನಾನು ಹುಟ್ಟಿದ್ದೂ ಆ ಡಾಕ್ಟ್ರಮ್ಮನ ಕೈಯಾಗೇ, ಇವನು ಹುಟ್ಟಿದ್ದೂ ಆಕಿ ಕೈಯಾಗೇ” ಎಂದಳು.

ಗೌಡರು ಕಂಬ ಹಿಡಿದು ನಿಂತೇ ಇದ್ದರು. ನಾನು ಬೀದಿಯ ಕಡೆ ನೋಡಿದೆ. ಕೋಲಿನ ಮುದುಕರಿದ್ದರು, ಕುಂಟೆ ಹೊತ್ತವರಿದ್ದರು. ಜಗುಲಿಯ ಮೇಲೆ ಆಡಿದ ಮಾತನ್ನು ನಮ್ಮ ಸೀಮೆಯಲ್ಲಿ ಒಬ್ಬರೂ ತಿದ್ದದೆ ಇದ್ದದ್ದು, ನಾನು ಕಂಡಂತೆ, ಅದೇ ಮೊದಲು.