ತಂಗಿಯ ಮನೆಯ ಧೂಪ

ಕಾಣಬಾರದ್ದನ್ನು ಕಂಡೆ ಎನ್ನುವವರನ್ನು ನಾನು ಬಹಳ ಗೇಲಿ ಮಾಡಿದ್ದೇನೆ. ಜ್ವರವೋ ನಿದ್ದೆಗೆಟ್ಟ ತಲೆಯೋ ಇರಬೇಕು ಎಂದು ಎದುರಿಗೇ ಹೇಳಿದ್ದೂ ಉಂಟು. ಈಗ ಹೇಳುವ ಸಂಗತಿ ನಡೆದಾಗ ನನಗೆ ಜ್ವರವಿರಲಿಲ್ಲ, ಬೆಳಿಗ್ಗೆ ಹನ್ನೊಂದರ ಬಿಸಿಲಿತ್ತು. ಇದ್ದದ್ದು ಹೊಟ್ಟೆಕಿಚ್ಚು ಮಾತ್ರ.

ಉಡುಪಿಯಿಂದ ಒಮಾನಿನ ಸೂರ್‌ಗೆ ಬಂದು ನನಗೆ ಹತ್ತೊಂಬತ್ತು ವರ್ಷ. ಶಾಲೆಯೊಂದರ ಆಫೀಸಿನಲ್ಲಿ ಕೆಲಸ, ಎರಡು ಕೋಣೆಯ ಬಾಡಿಗೆ ಮನೆ. ತಂಗಿ ಲವೀನಾಳನ್ನು ಇಲ್ಲಿಗೆ ಕರೆಸಿ, ಗ್ಯಾಸ್ ಪ್ಲಾಂಟಿನ ಇಂಜಿನಿಯರನೊಂದಿಗೆ ಮದುವೆ ಕುದುರಿಸಿದವಳೂ ನಾನೇ. ಆಮೇಲೆ ಬಂದರಿನ ಪಕ್ಕದ ಹಳೆಯ ಕೇರಿ ರಿಪೇರಿಯಾಗತೊಡಗಿತು. ಹಡಗು ಕಟ್ಟುವವರ ಪಾಳುಮನೆಗಳಿದ್ದಲ್ಲಿ ಕಲ್ಲುಹಾಸು, ಕೆತ್ತನೆಯ ಬಾಗಿಲು, ಕಾಫಿ ಅಂಗಡಿಗಳು ಬಂದವು. ದೊಡ್ಡದೊಂದು ಮನೆ ಬಿದ್ದುಹೋದ ಜಾಗದಲ್ಲಿ ಐಷಾರಾಮಿ ಫ್ಲ್ಯಾಟುಗಳೆದ್ದವು, ಹೊರದೇಶದವರೂ ಕೊಳ್ಳಬಹುದಂತೆ. ಆ ಜಾಹೀರಾತನ್ನು ಮೊದಲು ನೋಡಿದವಳು ನಾನು. ಕೊಳ್ಳುವ ಯೋಗ್ಯತೆಯಿಲ್ಲದಿದ್ದರೂ ದಿನಾ ತೆಗೆದು ನೋಡುತ್ತಿದ್ದೆ. ಒಮ್ಮೆ ಬುದ್ಧಿಗೆಟ್ಟು ಲವೀನಾಳಿಗೆ ತೋರಿಸಿದೆ. ವಾರದೊಳಗೆ ಅವಳ ಫೋನು ಬಂತು.

“ಅಕ್ಕ, ಆ ಫ್ಲ್ಯಾಟ್ ನಾವೇ ತಗೊಳ್ಳುವ ಅಂತ ಉಂಟು. ನೀನೊಮ್ಮೆ ಬಂದು ನೋಡು. ನೀನು ಹೂಂ ಅಂದ್ರೆ ಮಾತ್ರ.”

ಹೂಂ ಅನ್ನಬಾರದೆಂದು ತೀರ್ಮಾನಿಸಿಯೇ ಹೋದೆ.

ಲವೀನಾ ಏಜೆಂಟನ ಜೊತೆ ತಾರಸಿಗೆ ಹೋದಳು. ನಾನು ಹಾಲ್‌ನಲ್ಲಿ ಸಮುದ್ರ ಕಾಣುವ ಕಿಟಕಿಯ ಕಟ್ಟೆಯ ಮೇಲೆ ಒಬ್ಬಳೇ ಕುಳಿತೆ. ಅಡುಗೆಮನೆಯಿಂದ ಒಬ್ಬ ಒಮಾನಿ ಮುದುಕಿ ಹಿತ್ತಾಳೆಯ ಕಾಫಿ ಪಾತ್ರೆ ಹಿಡಿದು ಬಂದಳು. ಮಾಲೀಕರ ಕಡೆಯವಳಿರಬೇಕು ಎಂದುಕೊಂಡೆ. ಹಿಡಿಯಿಲ್ಲದ ಪುಟ್ಟ ಕಪ್ಪಿನಲ್ಲಿ ಕಾಫಿ ಕೊಟ್ಟಳು. ಸಾಕೆನಿಸಿದರೆ ಇಲ್ಲಿ ಕಪ್ಪನ್ನು ಅಲುಗಿಸಿ ಹಿಂದಿರುಗಿಸಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ. ನಾನು ಅಲುಗಿಸಲಿಲ್ಲ. ಆ ಕಿಟಕಿಯ ಬಳಿ ಇನ್ನಷ್ಟು ಹೊತ್ತು ಮನೆಯೊಡತಿಯ ಹಾಗೆ ಕೂರುವ ಆಸೆ.

ಮೂರನೆಯ ಕಪ್ಪು ಸುರಿಯುತ್ತ ಅವಳು ಅರಬಿಯಲ್ಲಿ, ಮನೆ ಒಳ್ಳೆಯದಿದೆಯೇ ಎಂದು ಕೇಳಿದಳು. ನಾನು ಹರಕು ಅರಬಿಯಲ್ಲಿ, ಇಲ್ಲ, ಗೋಡೆಯಲ್ಲೆಲ್ಲ ತೇವ, ಮಕ್ಕಳಿರುವವರಿಗೆ ಆಗದು ಎಂದೆ. ಗೋಡೆಗಳು ಒಣಗಿ ಗಟ್ಟಿಯಾಗಿದ್ದವು. ಲವೀನಾಳಿಗೆ ಹೇಳಬೇಕಿದ್ದ ಸುಳ್ಳನ್ನು ಮುದುಕಿಯ ಮುಂದೆ ಅಭ್ಯಾಸ ಮಾಡಿದಂತಾಯಿತು.

ಮುದುಕಿ ಪಾತ್ರೆಯನ್ನು ಕೆಳಗಿಟ್ಟಳು. ಒಳಗೆ ಹೋಗಿ ಧೂಪದ ಮಡಕೆ ತಂದು ನನ್ನ ಶಾಲಿನ ಅಂಚಿಗೆ ಹೊಗೆ ಹಿಡಿದಳು. ಒಮಾನಿಗಳ ಮನೆಯಲ್ಲಿ ಊಟ ಮಾಡಿದವರಿಗೆಲ್ಲ ಗೊತ್ತು, ಧೂಪ ಬಂತೆಂದರೆ ಭೇಟಿ ಮುಗಿಯಿತು, ಅತಿಥಿ ಏಳಬೇಕು. ನಾನು ಎದ್ದು ತಾರಸಿಗೆ ಹೋದೆ.

“ಒಳಗಿರುವ ಅಜ್ಜಿ ಯಾರು?” ಎಂದು ಹಿಂದಿಯಲ್ಲಿ ಕೇಳಿದೆ. ಯಾವ ಅಜ್ಜಿಯೆಂದು ಏಜೆಂಟನಿಗೆ ಅರ್ಥವಾಗಲಿಲ್ಲ. ಬೀಗ ತೆಗೆದವನು ಅವನೇ. ಅಡುಗೆಮನೆಗೆ ಇನ್ನೂ ಒಲೆಯೇ ಬಂದಿರಲಿಲ್ಲ. ಮೂವರೂ ಹೋಗಿ ನೋಡಿದೆವು. ಪಾತ್ರೆಯಿಲ್ಲ, ಕಪ್ಪಿಲ್ಲ. ನನ್ನ ನಾಲಿಗೆಯ ಮೇಲೆ ಏಲಕ್ಕಿ ಕಾಫಿಯ ಕಹಿ ಹಾಗೇ ಇತ್ತು.

“ಹೇಗುಂಟು ಅಕ್ಕ, ತಗೊಳ್ಳುವನಾ?” ಎಂದಳು ಲವೀನಾ.

“ತಗೋ,” ಎಂದೆ. ಬೇರೇನು ಹೇಳಲೂ ಹೆದರಿಕೆಯಾಯಿತು.

ಒಂದು ಶುಕ್ರವಾರ ಚರ್ಚಿನ ಫಾದರ್ ಬಂದು ಆ ಮನೆಯನ್ನು ಆಶೀರ್ವದಿಸಿದರು. ಊಟಕ್ಕೆ ಕುಳಿತು, ಇಡ್ಲಿಯಂಥ ನಮ್ಮ ‘ಸಣ್ಣ’ವನ್ನು ಮುರಿಯುವಷ್ಟರಲ್ಲಿ ನನ್ನ ಮೂಗಿಗೆ ಅದೇ ಧೂಪ ಬಡಿಯಿತು. ತಲೆನೋವೆಂದು ಎದ್ದುಬಂದೆ. ನಾಲ್ಕು ವರ್ಷಗಳಿಂದ ಹೀಗೆಯೇ. ಬೇರೆ ಯಾರಿಗೂ ಆ ವಾಸನೆ ಬರುವುದಿಲ್ಲ. ಅಲ್ಲಿ ನಾನು ಒಂದು ಊಟವನ್ನೂ ಪೂರ್ತಿ ಮಾಡಿಲ್ಲ.

ಕಳೆದ ತಿಂಗಳು ಲವೀನಾ ನನ್ನನ್ನು ಕಳಿಸಲು ಲಿಫ್ಟಿನವರೆಗೂ ಬಂದಳು. ಕಣ್ಣಲ್ಲಿ ನೀರಿತ್ತು.

“ಎಂತ ಅಕ್ಕ, ನಿಂಗೆ ಇನ್ನೂ ನಮ್ಮ ಮನೆ ಕಂಡ್ರೆ ಹೊಟ್ಟೆಉರಿಯಾ?”

ಇಲ್ಲ ಮಾರಾಯ್ತಿ ಎಂದು ನಕ್ಕೆ. ನಿಮ್ಮಲ್ಲಿ ಮಾತ್ರ ನಿಜ ಹೇಳುತ್ತೇನೆ. ಆ ಕಿಟಕಿಯ ಬಳಿ ಕುಳಿತಾಗಲೆಲ್ಲ, ಇದು ನನ್ನದಾಗಬೇಕಿತ್ತು ಎಂದು ಈಗಲೂ ಅನಿಸುತ್ತದೆ. ಆ ಯೋಚನೆ ಮೊದಲು ಬರುತ್ತದೋ ಧೂಪ ಮೊದಲು ಬರುತ್ತದೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.